ಬೆಂಜೀನ್ ಉಂಗುರವನ್ನು ಮುರಿಯುವ ಕಿಣ್ವಗಳು: ತೈಲಮಾಲಿನ್ಯ ಮತ್ತು ಮಣ್ಣಿನ ಬ್ಯಾಕ್ಟೀರಿಯಾ

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಪೆಟ್ರೋಲ್ ಬಂಕಿನ ನೆಲದಡಿಯ ತೊಟ್ಟಿ ತುಕ್ಕು ಹಿಡಿದು ಸೋರತೊಡಗಿದಾಗ ಮಣ್ಣಿಗೆ ಇಳಿಯುವುದು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಬಾವಿಯ ನೀರಿನ ಮಟ್ಟಿಗೆ ಹೆಚ್ಚು ಆತಂಕ ಹುಟ್ಟಿಸುವವು ಬೆಂಜೀನ್, ಟೊಲ್ಯೂಯಿನ್, ಈಥೈಲ್‌ಬೆಂಜೀನ್ ಮತ್ತು ಜೈಲೀನ್ ಎಂಬ ನಾಲ್ಕು ಆರೊಮ್ಯಾಟಿಕ್ ಸಂಯುಕ್ತಗಳು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ಇವುಗಳ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಶುದ್ಧ ಬೆಂಜೀನ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರಿಗೆ ಸುಮಾರು 1.8 ಗ್ರಾಂನಷ್ಟು ಕರಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಲೆಕ್ಕದ ಪ್ರಕಾರ ಬೆಂಜೀನ್ ತುಂಬಿಕೊಂಡ ಒಂದು ಲೀಟರ್ ನೀರು ಲಕ್ಷಕ್ಕೂ ಹೆಚ್ಚು ಲೀಟರ್ ನೀರನ್ನು ಕುಡಿಯಲು ಬಾರದಂತೆ ಮಾಡಬಲ್ಲದು. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದು ಖಚಿತವಾಗಿದ್ದು, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲನೆಯ ಗುಂಪಿನಲ್ಲಿ ಇರಿಸಿದೆ.

ಇನ್ನೊಂದು ಬಳಗ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಎರಡು ಉಂಗುರಗಳ ನ್ಯಾಫ್ತಲೀನ್, ಮೂರು ಉಂಗುರಗಳ ಫಿನಾಂಥ್ರೀನ್, ನಾಲ್ಕರ ಪೈರೀನ್, ಐದರ ಬೆಂಜೊಪೈರೀನ್ ಹೀಗೆ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಈ ಬಹುವಲಯ ಸಂಯುಕ್ತಗಳು ಡಾಂಬರಿನಲ್ಲಿ, ಕಚ್ಚಾತೈಲದಲ್ಲಿ, ಡೀಸೆಲ್ ಹೊಗೆಯಲ್ಲಿ, ಸೌದೆ ಒಲೆಯ ಮಸಿಯಲ್ಲಿ ಇರುತ್ತವೆ. ಬಟ್ಟೆಯ ಬೀರುವಿನಲ್ಲಿ ಇಡುವ ನುಸಿಗುಳಿಗೆಯ ನ್ಯಾಫ್ತಲೀನ್ ಲೀಟರಿಗೆ ಸುಮಾರು 30 ಮಿಲಿಗ್ರಾಂ ಮಾತ್ರ ಕರಗುತ್ತದೆ. ಬೆಂಜೊಪೈರೀನ್ ತಲುಪುವ ಹೊತ್ತಿಗೆ ಆ ಪ್ರಮಾಣ ಕೆಲವೇ ಮೈಕ್ರೋಗ್ರಾಂಗಳಿಗೆ ಇಳಿದಿರುತ್ತದೆ. ಇವು ನೀರಿನೊಡನೆ ದೂರ ಹೋಗುವುದಿಲ್ಲ, ಆದರೆ ಮಣ್ಣಿನ ಸಾವಯವ ಕಣಗಳಿಗೆ ಕಚ್ಚಿಕೊಂಡು ದಶಕಗಟ್ಟಲೆ ಉಳಿಯುತ್ತವೆ.

ಈ ಎರಡೂ ಬಳಗಗಳನ್ನು ಆಹಾರವಾಗಿ ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿವೆ ಎಂಬ ಸಂಗತಿ ಇಂದು ಎಲ್ಲರಿಗೂ ಗೊತ್ತು. ಅಷ್ಟರಿಂದಲೇ "ಬ್ಯಾಕ್ಟೀರಿಯಾ ಸುರಿದರೆ ಮಾಲಿನ್ಯ ಮಾಯ" ಎಂಬ ನಂಬಿಕೆಯೂ ಹಬ್ಬಿದೆ. ಈ ಉಪನ್ಯಾಸದಲ್ಲಿ ನಾನು ಹೇಳಬಯಸುವುದು ಬೇರೆ. ಮಾಲಿನ್ಯಗೊಂಡ ಹೆಚ್ಚಿನ ಜಾಗಗಳಲ್ಲಿ ಬ್ಯಾಕ್ಟೀರಿಯಾಗಳ ಕೊರತೆ ಇರುವುದಿಲ್ಲ. ಅವುಗಳ ಕಿಣ್ವಗಳು ಮಾಡುವ ಮೊದಲ ಹೆಜ್ಜೆಗೆ ಬೇಕಾದ ಸಾಮಗ್ರಿಯ ಕೊರತೆ ಇರುತ್ತದೆ. ಆ ಹೆಜ್ಜೆ ಏನು, ಅದಕ್ಕೆ ಏನು ಖರ್ಚಾಗುತ್ತದೆ ಎಂಬುದನ್ನು ತಿಳಿಯದೆ ಶುದ್ಧೀಕರಣಕ್ಕೆ ಕೈಹಾಕಿದರೆ ಹಣವೂ ಕಾಲವೂ ವ್ಯರ್ಥ.

ಬೆಂಜೀನಿನ ಆರು ಇಂಗಾಲದ ಪರಮಾಣುಗಳು ಷಟ್ಕೋನಾಕಾರದಲ್ಲಿ ಕುಳಿತಿವೆ. ಬಂಧಗಳ ಆರು ಇಲೆಕ್ಟ್ರಾನುಗಳು ಯಾವುದೇ ಒಂದು ಜೋಡಿಗೆ ಸೇರದೆ ಇಡೀ ಉಂಗುರದ ಮೇಲೂ ಕೆಳಗೂ ಹರಡಿಕೊಂಡಿರುವುದರಿಂದ, ಒಂದು ಬಿಟ್ಟು ಒಂದರಂತೆ ದ್ವಿಬಂಧಗಳಿರುವ ಕಾಲ್ಪನಿಕ ಅಣುವಿಗಿಂತ ಬೆಂಜೀನ್ ಮೋಲ್ ಒಂದಕ್ಕೆ ಸುಮಾರು 150 ಕಿಲೋಜೌಲ್‌ಗಳಷ್ಟು ಹೆಚ್ಚು ಸ್ಥಿರವಾಗಿದೆ. ಸಾಮಾನ್ಯ ಕಿಣ್ವವೊಂದು ಹಿಡಿದು ಕೆಲಸ ಶುರುಮಾಡಲು ಈ ಅಣುವಿನಲ್ಲಿ ಆಮ್ಲದ ಗುಂಪಾಗಲಿ, ಮದ್ಯಸಾರದ ಗುಂಪಾಗಲಿ, ಯಾವ ಹಿಡಿಕೆಯೂ ಇಲ್ಲ. ಗಾಳಿಯ ಆಮ್ಲಜನಕ ಶಕ್ತಿಯ ಲೆಕ್ಕದಲ್ಲಿ ಬೆಂಜೀನನ್ನು ಸುಟ್ಟುಹಾಕಬಲ್ಲದಾದರೂ, ಕೋಣೆಯ ಉಷ್ಣತೆಯಲ್ಲಿ ಇವೆರಡೂ ವರ್ಷಗಟ್ಟಲೆ ಒಂದೇ ಸೀಸೆಯಲ್ಲಿ ಸುಮ್ಮನಿರುತ್ತವೆ. ಆಮ್ಲಜನಕದ ಅಣುವಿನ ಎರಡು ಒಂಟಿ ಇಲೆಕ್ಟ್ರಾನುಗಳು ಒಂದೇ ದಿಕ್ಕಿನಲ್ಲಿ ಗಿರಕಿ ಹೊಡೆಯುವುದು ಇದಕ್ಕೆ ಕಾರಣ. ಜೋಡಿ ಇಲೆಕ್ಟ್ರಾನುಗಳಷ್ಟೇ ಇರುವ ಅಣುಗಳೊಂದಿಗೆ ಅದು ನೇರವಾಗಿ ಬೆರೆಯಲಾರದು. ಹಾಗಾಗಿ ಕಿಣ್ವದ ಮುಂದೆ ಎರಡು ಕೆಲಸಗಳಿವೆ: ಜಡವಾದ ಉಂಗುರವನ್ನು ಸರಿಯಾದ ಭಂಗಿಯಲ್ಲಿ ಹಿಡಿಯುವುದು, ಹಿಂಜರಿಯುವ ಆಮ್ಲಜನಕವನ್ನು ಸಕ್ರಿಯಗೊಳಿಸುವುದು.

ಜೀವಕೋಶಗಳು ಗಾಳಿಯ ಆಮ್ಲಜನಕವನ್ನು ನೇರವಾಗಿ ಸಾವಯವ ಅಣುವಿಗೆ ಜೋಡಿಸುತ್ತವೆ ಎಂಬುದನ್ನೇ ವಿಜ್ಞಾನಿಗಳು ಬಹುಕಾಲ ಒಪ್ಪಿರಲಿಲ್ಲ. ಜೈವಿಕ ಉತ್ಕರ್ಷಣೆ ಎಂದರೆ ಜಲಜನಕವನ್ನು ಕಿತ್ತುಕೊಳ್ಳುವುದು, ಉತ್ಪನ್ನದಲ್ಲಿ ಕಾಣುವ ಆಮ್ಲಜನಕ ನೀರಿನಿಂದ ಬಂದದ್ದು ಎಂಬ ಹೈನ್ರಿಕ್ ವೀಲಾಂಡ್ ಅವರ ಸಿದ್ಧಾಂತ ಆಗ ಪ್ರಬಲವಾಗಿತ್ತು. ಜಪಾನಿನ ಒಸಾಮು ಹಯೈಶಿ ಒಸಾಕಾದಲ್ಲಿದ್ದಾಗ ಮಣ್ಣಿನ ಬ್ಯಾಕ್ಟೀರಿಯಾದಿಂದ ಕ್ಯಾಟೆಕಾಲ್ ಎಂಬ ಸಂಯುಕ್ತದ ಉಂಗುರವನ್ನು ಸೀಳುವ ಕಿಣ್ವವೊಂದನ್ನು ಬೇರ್ಪಡಿಸಿದ್ದರು. 1955ರಲ್ಲಿ, ಅಮೆರಿಕದಲ್ಲಿ, ಅವರೂ ಅವರ ಸಂಗಡಿಗರೂ ಆ ಕಿಣ್ವಕ್ಕೆ ಆಮ್ಲಜನಕ-18 ಎಂಬ ಭಾರದ ಸಮಸ್ಥಾನಿಯ ಅನಿಲವನ್ನು ಒದಗಿಸಿ ನೋಡಿದರು. ಉತ್ಪನ್ನವಾದ ಮ್ಯುಕಾನಿಕ್ ಆಮ್ಲದಲ್ಲಿ ಸೇರಿದ್ದ ಹೊಸ ಆಮ್ಲಜನಕದ ಎರಡೂ ಪರಮಾಣುಗಳು ಅನಿಲದಿಂದಲೇ ಬಂದಿದ್ದವು, ನೀರಿನಿಂದಲ್ಲ. ಅದೇ ವರ್ಷ ಹವರ್ಡ್ ಮೇಸನ್ ಅವರ ತಂಡ ಮತ್ತೊಂದು ಕಿಣ್ವದಲ್ಲಿ ಇದೇ ಬಗೆಯ ಫಲಿತಾಂಶ ಕಂಡಿತು. ಆಕ್ಸಿಜಿನೇಸ್‌ಗಳೆಂಬ ಕಿಣ್ವಗಳ ವರ್ಗ ಹೀಗೆ ಬೆಳಕಿಗೆ ಬಂತು. ಮಣ್ಣಿನ ಸಾಮಾನ್ಯ ಜೀವಿಯೊಂದು ಜೀವರಸಾಯನ ಶಾಸ್ತ್ರದ ಮೂಲಭೂತ ನಂಬಿಕೆಯನ್ನು ತಿದ್ದಿದ ಈ ಪ್ರಸಂಗವನ್ನು ನಮ್ಮ ಪದವಿ ತರಗತಿಗಳಲ್ಲಿ ಇನ್ನಷ್ಟು ಬಿಡಿಸಿ ಹೇಳಬೇಕೆಂದು ನನ್ನ ಆಸೆ.

ಆದರೆ ಕ್ಯಾಟೆಕಾಲ್‌ನಲ್ಲಿ ಆಗಲೇ ಎರಡು ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ-ಜಲಜನಕದ ಜೋಡಿಗಳು, ಇವೆ. ಅವು ಇಲ್ಲದ ಬರಿಯ ಬೆಂಜೀನಿಗೆ ಮೊದಲ ಏಟು ಹೇಗೆ ಬೀಳುತ್ತದೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಡೇವಿಡ್ ಗಿಬ್ಸನ್ ಮತ್ತು ಅವರ ಸಹೋದ್ಯೋಗಿಗಳಿಂದ. ಸ್ಯೂಡೋಮೊನಾಸ್ ಪ್ಯುಟಿಡಾ ಎಂಬ ಬ್ಯಾಕ್ಟೀರಿಯಾ ಬೆಂಜೀನನ್ನು ಸಿಸ್-ಡೈಹೈಡ್ರೋಡಯಾಲ್ ಎಂಬ ಮಧ್ಯಂತರ ವಸ್ತುವಿನ ಮೂಲಕ ಉತ್ಕರ್ಷಿಸುತ್ತದೆ ಎಂದು 1968ರಲ್ಲಿ ಅವರು ತೋರಿಸಿದರು. ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ, ಉಂಗುರದ ಒಂದೇ ಮುಖದಲ್ಲಿ, ಎರಡು ಹೈಡ್ರಾಕ್ಸಿಲ್ ಗುಂಪುಗಳು ಕೂರುತ್ತವೆ. 1970ರಲ್ಲಿ ಆಮ್ಲಜನಕ-18 ಬಳಸಿ, ಆ ಎರಡೂ ಪರಮಾಣುಗಳು ಒಂದೇ ಆಮ್ಲಜನಕ ಅಣುವಿನವು ಎಂಬುದನ್ನೂ ಅವರು ಖಚಿತಪಡಿಸಿದರು. ಸಾಮಾನ್ಯವಾಗಿ ಈ ಡಯಾಲ್ ಕ್ಷಣಮಾತ್ರ ಇದ್ದು ಮುಂದಿನ ಕಿಣ್ವದ ಪಾಲಾಗುತ್ತದೆ. ಆ ಮುಂದಿನ ಕಿಣ್ವ ಕೆಟ್ಟುಹೋಗಿರುವ ರೂಪಾಂತರಿ ತಳಿಯೊಂದನ್ನು ಬೆಳೆಸಿದಾಗ, ಟೊಲ್ಯೂಯಿನಿನ ಡಯಾಲ್ ಮಾಧ್ಯಮದಲ್ಲಿ ಕೂಡಿಕೊಂಡು ಕೈಗೆ ಸಿಗುವಂತಾಯಿತು.

ಇಲ್ಲಿ ನಮ್ಮ ದೇಹವನ್ನೂ ಒಮ್ಮೆ ನೆನೆಯಬೇಕು. ಬೆಂಜೊಪೈರೀನ್ ನಮ್ಮ ಯಕೃತ್ತನ್ನೋ ಶ್ವಾಸಕೋಶವನ್ನೋ ಹೊಕ್ಕಾಗ ಸೈಟೋಕ್ರೋಮ್ ಪಿ450 ಕಿಣ್ವಗಳು ಅದಕ್ಕೆ ಆಮ್ಲಜನಕದ ಒಂದೇ ಪರಮಾಣುವನ್ನು ಸೇರಿಸಿ ಎಪಾಕ್ಸೈಡ್ ಮಾಡುತ್ತವೆ. ಅದು ನೀರಿನೊಡನೆ ಸೇರಿ, ಎರಡು ಹೈಡ್ರಾಕ್ಸಿಲ್‌ಗಳು ವಿರುದ್ಧ ಮುಖಗಳಲ್ಲಿರುವ ಟ್ರಾನ್ಸ್-ಡಯಾಲ್ ಆಗುತ್ತದೆ. ಮತ್ತೊಮ್ಮೆ ಎಪಾಕ್ಸೈಡ್ ಆದಾಗ ಅದು ಡಿಎನ್‌ಎಗೆ ಅಂಟಿಕೊಳ್ಳುವ ಕ್ಯಾನ್ಸರ್‌ಕಾರಕವಾಗುತ್ತದೆ. ನಮ್ಮ ದೇಹದ ಉದ್ದೇಶ ಆ ಅಣುವನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುವುದಷ್ಟೇ. ಬ್ಯಾಕ್ಟೀರಿಯಾದ ಉದ್ದೇಶ ಅದನ್ನು ತಿನ್ನುವುದು. ಎರಡೂ ಪರಮಾಣುಗಳನ್ನು ಒಂದೇ ಮುಖದಲ್ಲಿ ಕೂರಿಸುವ ಕ್ರಮ ಉಂಗುರವನ್ನು ಸೀಳಲು ಅಣಿಗೊಳಿಸುತ್ತದೆ, ಅಪಾಯಕಾರಿ ಎಪಾಕ್ಸೈಡನ್ನು ದಾರಿಯಲ್ಲಿ ಹುಟ್ಟಿಸುವುದೂ ಇಲ್ಲ.

ಈ ಕೆಲಸ ಮಾಡುವ ಕಿಣ್ವಗಳಲ್ಲಿ ಅತ್ಯಂತ ಚೆನ್ನಾಗಿ ಅಧ್ಯಯನಗೊಂಡದ್ದು ನ್ಯಾಫ್ತಲೀನ್ ಡೈಆಕ್ಸಿಜಿನೇಸ್. ಆಮ್ಲಜನಕದ ಎರಡೂ ಪರಮಾಣುಗಳನ್ನು ಸೇರಿಸುವುದರಿಂದ ಡೈಆಕ್ಸಿಜಿನೇಸ್ ಎಂಬ ಹೆಸರು. ಇದರ ಸ್ಫಟಿಕ ರಚನೆ 1998ರಲ್ಲಿ ಪ್ರಕಟವಾಯಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಎಸ್. ರಾಮಸ್ವಾಮಿ ಅವರು ಆಗ ಸ್ವೀಡನ್ನಿನ ಉಪ್ಸಲಾದಲ್ಲಿದ್ದು, ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ತೆರೆಯ ಮೇಲೆ ತೋರಿಸಿದ ಚಿತ್ರ ಈ ಬರಹದಲ್ಲಿ ಇಲ್ಲದ್ದರಿಂದ ಅದನ್ನು ಮಾತಿನಲ್ಲೇ ವಿವರಿಸುತ್ತೇನೆ. ಇದು ಒಂದೇ ಪ್ರೋಟೀನಲ್ಲ, ಮೂರು ಪ್ರೋಟೀನುಗಳ ಕೂಟ. ಮೊದಲನೆಯದು ರಿಡಕ್ಟೇಸ್, ಅದು ಎನ್‌ಎಡಿಎಚ್ ಎಂಬ ಸಹಕಿಣ್ವದಿಂದ ಎರಡು ಇಲೆಕ್ಟ್ರಾನುಗಳನ್ನು ಪಡೆಯುತ್ತದೆ. ಎರಡನೆಯದು ಫೆರೆಡಾಕ್ಸಿನ್, ಅದು ಆ ಇಲೆಕ್ಟ್ರಾನುಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತದೆ. ಮೂರನೆಯದು ಆಕ್ಸಿಜಿನೇಸ್, ಮೂರು ದೊಡ್ಡ, ಮೂರು ಚಿಕ್ಕ ಉಪಘಟಕಗಳಿಂದಾದ ಇದರಲ್ಲೇ ಉಂಗುರದ ಮೇಲಿನ ಕೆಲಸ ನಡೆಯುತ್ತದೆ. ಬೇಸಿಗೆಯಲ್ಲಿ ದೂರದ ಬಾವಿಯಿಂದ ಕೈಯಿಂದ ಕೈಗೆ ಬಿಂದಿಗೆ ದಾಟಿಸುವಂತೆ ಇಲೆಕ್ಟ್ರಾನು ಇಲ್ಲಿ ಒಂದು ಕಬ್ಬಿಣದ ಕೇಂದ್ರದಿಂದ ಮತ್ತೊಂದಕ್ಕೆ ಸಾಗುತ್ತದೆ.

ಪ್ರತಿ ದೊಡ್ಡ ಉಪಘಟಕದಲ್ಲೂ ಎರಡು ಕಬ್ಬಿಣದ ಕೇಂದ್ರಗಳಿವೆ. ಒಂದು, ಎರಡು ಕಬ್ಬಿಣ ಮತ್ತು ಎರಡು ಗಂಧಕದ ಪರಮಾಣುಗಳಿರುವ ರೀಸ್ಕೆ ಕೇಂದ್ರ. ಇನ್ನೊಂದು, ಎರಡು ಹಿಸ್ಟಿಡಿನ್ ಮತ್ತು ಒಂದು ಆಸ್ಪಾರ್ಟಿಕ್ ಆಮ್ಲ ಹಿಡಿದಿಟ್ಟುಕೊಂಡ ಒಂಟಿ ಕಬ್ಬಿಣ. ಆಮ್ಲಜನಕ ಬಂದು ಕೂರುವುದು ಇದರ ಮೇಲೆ. ರಚನೆ ಬಿಡಿಸಿದಾಗ ಬೆರಗು ಹುಟ್ಟಿಸಿದ ಸಂಗತಿ ಎಂದರೆ ಒಂದೇ ಉಪಘಟಕದೊಳಗೆ ಈ ಎರಡು ಕೇಂದ್ರಗಳ ನಡುವಣ ದೂರ ಸುಮಾರು 4.4 ನ್ಯಾನೋಮೀಟರ್. ಇಲೆಕ್ಟ್ರಾನು ಜಿಗಿಯಲು ಅದು ತೀರಾ ಹೆಚ್ಚು. ಆದರೆ ನೆರೆಯ ಉಪಘಟಕದ ರೀಸ್ಕೆ ಕೇಂದ್ರ ಕೇವಲ 1.2 ನ್ಯಾನೋಮೀಟರ್ ಆಚೆಗಿದೆ, ನಡುವೆ 205ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಸೇತುವೆಯಂತಿದೆ. ಆ ಒಂದು ಅಮೈನೋ ಆಮ್ಲವನ್ನು ಬದಲಾಯಿಸಿದರೆ ಕಿಣ್ವದ ಕೆಲಸ ಬಹುಮಟ್ಟಿಗೆ ನಿಂತೇಹೋಗುತ್ತದೆ. ಅಂದರೆ ಉಪಘಟಕಗಳು ಬಿಡಿಬಿಡಿಯಾಗಿ ದುಡಿಯಲಾರವು, ಪ್ರತಿಯೊಂದೂ ನೆರೆಯದರ ಇಲೆಕ್ಟ್ರಾನನ್ನು ಕಾಯುತ್ತದೆ. 2003ರಲ್ಲಿ ಪ್ರಕಟವಾದ ಮತ್ತೊಂದು ರಚನೆಯಲ್ಲಿ ಆಮ್ಲಜನಕದ ಎರಡೂ ಪರಮಾಣುಗಳು ಪಕ್ಕಕ್ಕೆ ಮಲಗಿದ ಭಂಗಿಯಲ್ಲಿ ಆ ಒಂಟಿ ಕಬ್ಬಿಣಕ್ಕೆ ಅಂಟಿಕೊಂಡಿರುವುದು ಕಂಡಿತು. ಎರಡೂ ಪರಮಾಣುಗಳು ಉಂಗುರದ ಒಂದೇ ಮುಖಕ್ಕೆ ಸೇರುವುದು ಏಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ಬೇಡ.

ಇದೇ ಕಿಣ್ವದ ಜೇಬಿನೊಳಗೆ ನ್ಯಾಫ್ತಲೀನಿನ ಬದಲು ಬೆಂಜೀನ್ ಹೋದರೆ? ಆಮ್ಲಜನಕ ಸಕ್ರಿಯಗೊಳ್ಳುತ್ತದೆ, ಎನ್‌ಎಡಿಎಚ್ ಖರ್ಚಾಗುತ್ತದೆ, ಆದರೆ ಸಣ್ಣ ಉಂಗುರ ಸರಿಯಾಗಿ ಕೂರದ ಕಾರಣ ಅದರಲ್ಲೊಂದು ಭಾಗ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಪೋಲಾಗುತ್ತದೆ. ಆ ಪೆರಾಕ್ಸೈಡ್ ಕಿಣ್ವವನ್ನೇ ಕೆಡಿಸುತ್ತದೆ. ಒಂದು ಮಾಲಿನ್ಯವನ್ನು ಚೆನ್ನಾಗಿ ತಿನ್ನುವ ಜೀವಿಗೆ ಅದರ ಹತ್ತಿರದ ಸಂಬಂಧಿಯೇ ವಿಷವಾಗಬಹುದು ಎಂಬುದು ಮಿಶ್ರಣಗಳ ಶುದ್ಧೀಕರಣದಲ್ಲಿ ಸದಾ ನೆನಪಿಡಬೇಕಾದ ಮಾತು.

ಇದೇ ಕಿಣ್ವದ ಜೇಬಿನ ಸಡಿಲ ಮತ್ತೊಂದು ಸುಂದರ ಫಲಿತಾಂಶವನ್ನೂ ಕೊಟ್ಟಿದೆ. 1983ರಲ್ಲಿ ಈ ಕಿಣ್ವದ ವಂಶವಾಹಿಗಳನ್ನು ಈ. ಕೋಲಿಗೆ ಸೇರಿಸಿದಾಗ ಅದರ ವಸಾಹತುಗಳು ನೀಲಿ ಬಣ್ಣಕ್ಕೆ ತಿರುಗಿದವು. ಈ. ಕೋಲಿ ತಾನೇ ಟ್ರಿಪ್ಟೊಫ್ಯಾನ್‌ನಿಂದ ಮಾಡುವ ಇಂಡೋಲ್ ಎಂಬ ಎರಡು ಉಂಗುರಗಳ ಅಣುವನ್ನು ಹೊಸ ಕಿಣ್ವ ಉತ್ಕರ್ಷಿಸಿ, ಅದು ಗಾಳಿಯಲ್ಲಿ ಇಂಡಿಗೋ, ಅಂದರೆ ಬಟ್ಟೆಗೆ ಹಾಕುವ ಅದೇ ನೀಲಿಯಾಗಿತ್ತು. ಅಂದಿನಿಂದ ಈ ಕಿಣ್ವದ ಬೇಟೆಯಲ್ಲಿರುವವರು ತಟ್ಟೆಯ ಮೇಲೆ ನೀಲಿ ಚುಕ್ಕೆಗಳನ್ನು ಹುಡುಕುವುದು ರೂಢಿಯಾಗಿದೆ.

ಮೊದಲ ಹೆಜ್ಜೆ ದಾಟಿದ ಮೇಲೆ ದಾರಿ ಸುಲಭ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಎರಡನೆಯ ಕಿಣ್ವ ಡಯಾಲ್‌ನಿಂದ ಜಲಜನಕವನ್ನು ತೆಗೆದು, ಖರ್ಚಾಗಿದ್ದ ಎನ್‌ಎಡಿಎಚ್ ಅನ್ನು ಮರಳಿಸುತ್ತದೆ. ನ್ಯಾಫ್ತಲೀನಿನ ಒಂದು ಉಂಗುರ ಸೀಳಿಹೋಗಿ, ಹಲವು ಹೆಜ್ಜೆಗಳ ನಂತರ ಸ್ಯಾಲಿಸಿಲಿಕ್ ಆಮ್ಲ ಉಳಿಯುತ್ತದೆ, ಅದು ಕ್ಯಾಟೆಕಾಲ್ ಆಗುತ್ತದೆ. ಕ್ಯಾಟೆಕಾಲ್ ಎಂಬುದು ಹಲವು ದಾರಿಗಳು ಬಂದು ಕೂಡುವ ಜಾಗ. ಅಲ್ಲಿಂದ ಉಂಗುರವನ್ನು ಸೀಳಲು ಎರಡು ಬಗೆ ಇವೆ. ಎರಡು ಹೈಡ್ರಾಕ್ಸಿಲ್‌ಗಳ ನಡುವೆ ಸೀಳುವ, ಹಯೈಶಿ ಕಂಡ ಕಿಣ್ವ ಕೆಂಪು ಬಣ್ಣದ್ದು, ಅದರ ಕಬ್ಬಿಣ ಫೆರಿಕ್ ರೂಪದ್ದು. ಹೈಡ್ರಾಕ್ಸಿಲ್‌ಗಳ ಪಕ್ಕದಲ್ಲಿ ಸೀಳುವ ಇನ್ನೊಂದು ಕಿಣ್ವದ ಕಬ್ಬಿಣ ಫೆರಸ್ ರೂಪದ್ದು. ಅದಕ್ಕೆ ಬಣ್ಣವಿಲ್ಲ, ಆದರೆ ಅದರ ಉತ್ಪನ್ನ ಕಡುಹಳದಿ. ಅಗರ್ ತಟ್ಟೆಯ ಮೇಲಿನ ಬಿಳಿ ವಸಾಹತುಗಳ ಮೇಲೆ ಕ್ಯಾಟೆಕಾಲ್ ದ್ರಾವಣವನ್ನು ಸಿಂಪಡಿಸಿದರೆ ಕಿಣ್ವವಿರುವ ವಸಾಹತುಗಳು ನಿಮಿಷಗಳಲ್ಲಿ ಹಳದಿಯಾಗುತ್ತವೆ. ದುಬಾರಿ ಉಪಕರಣ ಬೇಡದ ಈ ಪರೀಕ್ಷೆಯನ್ನು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಕ್ಯಾಟೆಕಾಲ್ ವಿಷಕಾರಿ ಎಂಬ ಎಚ್ಚರದೊಂದಿಗೆ, ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲೂ ಮಾಡಬಹುದು. ಯಾವ ದಾರಿ ಹಿಡಿದರೂ ಕೊನೆಯ ತುಣುಕುಗಳು ಪೈರುವಿಕ್ ಆಮ್ಲ, ಸಕ್ಸಿನಿಕ್ ಆಮ್ಲ, ಅಸಿಟೈಲ್ ಸಹಕಿಣ್ವದಂಥ ಅಣುಗಳಾಗಿ ಜೀವಕೋಶದ ನಿತ್ಯದ ಚಯಾಪಚಯಕ್ಕೆ ಸೇರುತ್ತವೆ.

ಈ ಕಿಣ್ವಗಳ ವಂಶವಾಹಿಗಳು ಎಷ್ಟೋ ಬಾರಿ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರಗಳ ಮೇಲಿರುತ್ತವೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತವೆ. ಇದನ್ನೇ ಬಳಸಿಕೊಂಡು ಆನಂದ ಮೋಹನ ಚಕ್ರವರ್ತಿ ಅವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಸ್ಯೂಡೋಮೊನಾಸ್‌ನಲ್ಲಿ ಕೂಡಿಸಿದರು. ಆ ಜೀವಿಯ ಪೇಟೆಂಟ್ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಅವರ ಪರವಾಗಿ ತೀರ್ಪಿತ್ತದ್ದು ಪ್ರಸಿದ್ಧ. ಆದರೆ ಆ ಬ್ಯಾಕ್ಟೀರಿಯಾವನ್ನು ಯಾವ ತೈಲ ಸೋರಿಕೆಯ ಮೇಲೂ ಪ್ರಯೋಗಿಸಲಿಲ್ಲ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನ್ಯಾಯಶಾಸ್ತ್ರದಲ್ಲಿ ಅದರ ಸ್ಥಾನ ದೊಡ್ಡದು, ಶುದ್ಧೀಕರಣದಲ್ಲಿ ಇಲ್ಲವೇ ಇಲ್ಲ ಎಂದೇ ನಾನು ಹೇಳುತ್ತೇನೆ.

ಕಾರಣ ಸರಳ ಲೆಕ್ಕದಲ್ಲಿದೆ. ಬೆಂಜೀನಿನ ಒಂದು ಅಣು ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಆಮ್ಲಜನಕದ ಏಳೂವರೆ ಅಣುಗಳು ಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಬೆಂಜೀನಿಗೆ ಸುಮಾರು ಮೂರು ಗ್ರಾಂ ಆಮ್ಲಜನಕ. ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ 25 ಡಿಗ್ರಿಯಲ್ಲಿ ಲೀಟರಿಗೆ ಇರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಅಷ್ಟರಿಂದ ಮೂರು ಮಿಲಿಗ್ರಾಂ ಬೆಂಜೀನ್ ಕೂಡ ಮುಗಿಯುವುದಿಲ್ಲ. ಸೋರಿದ ತೈಲದ ಹತ್ತಿರದ ಅಂತರ್ಜಲದಲ್ಲಿ ಬ್ಯಾಕ್ಟೀರಿಯಾಗಳು ಇದ್ದಷ್ಟು ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತವೆ, ಆಮೇಲೆ ಎಷ್ಟು ಚತುರವಾದ ಡೈಆಕ್ಸಿಜಿನೇಸ್ ಇದ್ದರೂ ಅದು ಖಾಲಿ ಕೈಯಲ್ಲಿ ಕುಳಿತಿರುತ್ತದೆ. ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಸುರಿದರೆ ಹಸಿದ ಬಾಯಿಗಳು ಹೆಚ್ಚುತ್ತವೆ, ಅಷ್ಟೆ. ಅಲ್ಲಿ ಗಾಳಿ ಊದಬೇಕು. ಮೇಲ್ಮಣ್ಣಾದರೆ ಉತ್ತು ತಿರುವಬೇಕು, ಸಾರಜನಕ ಮತ್ತು ರಂಜಕದ ಗೊಬ್ಬರ ಕೊಡಬೇಕು. 1989ರ ಎಕ್ಸಾನ್ ವಾಲ್ಡೀಜ್ ಹಡಗಿನ ಸೋರಿಕೆಯ ನಂತರ ಅಲಾಸ್ಕಾದ ಕಲ್ಲುದಂಡೆಗಳಲ್ಲಿ ಫಲ ಕೊಟ್ಟದ್ದು ಗೊಬ್ಬರ. ತಿನ್ನುವ ಬ್ಯಾಕ್ಟೀರಿಯಾಗಳು ಆ ದಂಡೆಯಲ್ಲೇ ಇದ್ದವು.

ಆಮ್ಲಜನಕ ಮುಗಿದ ಮೇಲೂ ಕತೆ ಮುಗಿಯುವುದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಬೆಮಿಜಿ ಎಂಬಲ್ಲಿ 1979ರ ಆಗಸ್ಟ್ 20ರಂದು ಕೊಳವೆಯೊಂದು ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಹೊರಚೆಲ್ಲಿತು. ತೆಗೆಯಬಹುದಾದಷ್ಟನ್ನು ತೆಗೆದ ಮೇಲೂ ಸುಮಾರು ನಾಲ್ಕು ಲಕ್ಷ ಲೀಟರ್ ಅಲ್ಲೇ ಉಳಿಯಿತು. 1983ರಿಂದ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಆ ಜಾಗವನ್ನು ಸಂಶೋಧನಾ ಕ್ಷೇತ್ರವಾಗಿ ಕಾಪಾಡಿಕೊಂಡು ಬಂದಿದೆ. ತೈಲದ ಸನಿಹದ ಆಮ್ಲಜನಕರಹಿತ ನೀರಿನಲ್ಲಿ, ಮಣ್ಣಿನ ಫೆರಿಕ್ ಕಬ್ಬಿಣವನ್ನೇ ಉಸಿರಾಟಕ್ಕೆ ಬಳಸಿ ಫೆರಸ್ ರೂಪಕ್ಕೆ ಇಳಿಸುವ ಜಿಯೋಬ್ಯಾಕ್ಟರ್ ಬಳಗದ ಜೀವಿಗಳೂ ಮೀಥೇನ್ ಉತ್ಪಾದಿಸುವ ಜೀವಿಗಳೂ ಸೇರಿ ಹೈಡ್ರೋಕಾರ್ಬನ್‌ಗಳನ್ನು ಕರಗಿಸುತ್ತಿರುವುದು ಅಲ್ಲಿ ಸ್ಪಷ್ಟವಾಯಿತು. ಟೊಲ್ಯೂಯಿನ್ ತೈಲದ ಹತ್ತಿರದಲ್ಲೇ ಬೇಗ ಕಡಿಮೆಯಾದರೆ, ಬೆಂಜೀನ್ ಹೆಚ್ಚು ದೂರ ಉಳಿದುಕೊಂಡು ಹರಿಯುತ್ತದೆ.

ಈ ವ್ಯತ್ಯಾಸದ ಗುಟ್ಟೂ ಕಿಣ್ವದಲ್ಲಿದೆ. ಆಮ್ಲಜನಕವಿಲ್ಲದೆ ಟೊಲ್ಯೂಯಿನನ್ನು ಹಿಡಿಯುವ ಕಿಣ್ವ ಉಂಗುರಕ್ಕೆ ಕೈಹಚ್ಚುವುದೇ ಇಲ್ಲ. ತೌಯೆರಾ ಅರೊಮ್ಯಾಟಿಕಾ ಮುಂತಾದ ಬ್ಯಾಕ್ಟೀರಿಯಾಗಳಲ್ಲಿರುವ ಬೆಂಜೈಲ್‌ಸಕ್ಸಿನೇಟ್ ಸಿಂಥೇಸ್, ಪ್ರೋಟೀನಿನ ಒಂದು ಗ್ಲೈಸಿನ್ ಮೇಲೆ ಒಂಟಿ ಇಲೆಕ್ಟ್ರಾನನ್ನು ಹೊತ್ತಿರುತ್ತದೆ. ಅದರ ಬಲದಿಂದ ಟೊಲ್ಯೂಯಿನಿನ ಮೀಥೈಲ್ ಗುಂಪಿನ ಒಂದು ಜಲಜನಕವನ್ನು ಕಿತ್ತು, ಆ ಇಂಗಾಲವನ್ನು ಫ್ಯುಮರಿಕ್ ಆಮ್ಲಕ್ಕೆ ಜೋಡಿಸುತ್ತದೆ. ಹೀಗೆ ಹುಟ್ಟುವ ವಸ್ತುವೇ ಬೆಂಜೈಲ್‌ಸಕ್ಸಿನೇಟ್. ಆಮ್ಲಜನಕ ತಗುಲಿದರೆ ಈ ಕಿಣ್ವದ ಪ್ರೋಟೀನ್ ಸರಪಳಿಯೇ ತುಂಡಾಗುತ್ತದೆ. ಮುಂದೆ ಬೆಂಜಾಯಿಲ್ ಸಹಕಿಣ್ವ ಎಂಬ ಹಂತದಲ್ಲಿ, ಮತ್ತೊಂದು ಕಿಣ್ವ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ಎರಡು ಅಣುಗಳನ್ನು ವ್ಯಯಿಸಿ ಉಂಗುರಕ್ಕೆ ಎರಡು ಇಲೆಕ್ಟ್ರಾನುಗಳನ್ನು ತುರುಕಿ ಅದರ ಸ್ಥಿರತೆಯನ್ನು ಮುರಿಯುತ್ತದೆ. ಜಿಯೋಬ್ಯಾಕ್ಟರ್‌ನಂಥ ಜೀವಿಗಳು ಎಟಿಪಿಯ ಬದಲು ಟಂಗ್‌ಸ್ಟನ್ ಲೋಹವಿರುವ ಇನ್ನೊಂದು ಕಿಣ್ವವನ್ನು ಇದಕ್ಕಾಗಿ ಬಳಸುತ್ತವೆ. ಬೆಂಜೀನಿಗೆ ಮೀಥೈಲ್ ಗುಂಪಿನ ಹಿಡಿಕೆ ಇಲ್ಲ. ಹಾಗಾಗಿ ಆಮ್ಲಜನಕವಿಲ್ಲದ ಕಡೆ ಅದು ಕೊನೆಯವರೆಗೂ ಹಟ ಹಿಡಿಯುತ್ತದೆ.

ನಮ್ಮ ನಾಡಿನ ಕೆಲಸವನ್ನೂ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಸಿ.ಎಸ್. ವೈದ್ಯನಾಥನ್ ಅವರು ಆರೊಮ್ಯಾಟಿಕ್ ಸಂಯುಕ್ತಗಳ ಸೂಕ್ಷ್ಮಜೀವಿ ವಿಘಟನೆಯನ್ನು ಅಧ್ಯಯನ ಮಾಡಿದರು. ಗುಲ್ಬರ್ಗಾ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಎನ್‌ಜಿಕೆ 1 ಎಂಬ ಸ್ಯೂಡೋಮೊನಾಸ್ ತಳಿಯ ಕೋಶಗಳನ್ನು ಆಲ್ಜಿನೇಟ್, ಅಗರ್, ಪಾಲಿಅಕ್ರಿಲಮೈಡ್‌ಗಳಲ್ಲೂ, ಮುಂದೆ ಪಾಲಿಯುರೆಥೇನ್ ಫೋಮಿನಲ್ಲೂ ಹಿಡಿದಿಟ್ಟು ನ್ಯಾಫ್ತಲೀನ್ ವಿಘಟನೆಯನ್ನು ಅಳೆದ ಪ್ರಬಂಧಗಳು 1998 ಮತ್ತು 2001ರಲ್ಲಿ ಬಂದಿವೆ. ಬಿಡಿ ಕೋಶಗಳಿಗಿಂತ ಹೀಗೆ ನೆಲೆ ಸಿಕ್ಕ ಕೋಶಗಳು ಹೆಚ್ಚು ನ್ಯಾಫ್ತಲೀನನ್ನು ತಾಳಿಕೊಳ್ಳುತ್ತವೆ, ಮತ್ತೆ ಮತ್ತೆ ಬಳಕೆಗೂ ಬರುತ್ತವೆ. ಕಾರ್ಖಾನೆಯ ತ್ಯಾಜ್ಯನೀರನ್ನು ತೊಟ್ಟಿಯೊಳಗೆ ಶುದ್ಧಗೊಳಿಸುವ ಕಡೆ, ಗಾಳಿಯೂ ಪೋಷಕಾಂಶವೂ ನಮ್ಮ ಹತೋಟಿಯಲ್ಲಿರುವುದರಿಂದ, ಆಯ್ದ ತಳಿಯನ್ನು ಬಳಸುವುದಕ್ಕೆ ಪೂರ್ಣ ಅರ್ಥವಿದೆ. ಬಯಲಿನ ಮಣ್ಣಿಗೆ ಅದೇ ಮಾತನ್ನು ಹಾಗೇ ಅನ್ವಯಿಸಲಾಗದು.

ಉಪನ್ಯಾಸದ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆ ಮುಖ್ಯವಾದದ್ದು: ಬಾವಿಯ ನೀರಿನಲ್ಲಿ ಮಾಲಿನ್ಯ ಕಡಿಮೆಯಾದರೆ ಅದು ಬ್ಯಾಕ್ಟೀರಿಯಾ ತಿಂದದ್ದೋ, ಮಳೆನೀರಿನಲ್ಲಿ ತೆಳುವಾದದ್ದೋ ತಿಳಿಯುವುದು ಹೇಗೆ? ಬೆಂಜೀನಿನ ಪ್ರಮಾಣವೊಂದನ್ನೇ ಅಳೆದರೆ ತಿಳಿಯುವುದಿಲ್ಲ. ಅದರ ಜೊತೆಗೆ ಕರಗಿದ ಆಮ್ಲಜನಕ, ನೈಟ್ರೇಟ್, ಫೆರಸ್ ಕಬ್ಬಿಣ, ಮೀಥೇನ್ ಇವುಗಳನ್ನು ತೈಲದ ಹತ್ತಿರವೂ ದೂರವೂ ಅಳೆಯಬೇಕು. ಮಾಲಿನ್ಯ ಕಡಿಮೆಯಾಗುವ ಕಡೆಯಲ್ಲೇ ಆಮ್ಲಜನಕ, ನೈಟ್ರೇಟ್ ಇಳಿದು ಫೆರಸ್ ಕಬ್ಬಿಣ, ಮೀಥೇನ್ ಏರಿದ್ದರೆ ಅದು ಜೀವಿಗಳ ಕೆಲಸ ಎನ್ನಲು ಬಲ ಬರುತ್ತದೆ. ಎಲ್ಲಕ್ಕಿಂತ ನೇರವಾದ ಸಾಕ್ಷಿ ಬೆಂಜೈಲ್‌ಸಕ್ಸಿನೇಟ್. ಅದು ಪೆಟ್ರೋಲಿನಲ್ಲಿ ಇರುವ ವಸ್ತುವಲ್ಲ, ಟೊಲ್ಯೂಯಿನ್ ತೆಳುವಾದರೆ ಹುಟ್ಟುವುದೂ ಇಲ್ಲ. ಬಾವಿಯ ನೀರಿನ ಮಾದರಿಯಲ್ಲಿ ಅದು ಸಿಕ್ಕಿದರೆ, ಆ ನೆಲದಡಿಯಲ್ಲಿ ಆಮ್ಲಜನಕವಿಲ್ಲದೆಯೂ ಟೊಲ್ಯೂಯಿನ್ ವಿಘಟನೆ ನಡೆಯುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು.